ಐದು ಗ್ರಾಂ ಕಪ್ಪು ಪುಡಿ, ನಾಲ್ಕು ವಿಭಾಗ, ಒಂದು ಸೋಡಿಯಂ ಸೆಲ್

ಬ್ಯಾಟರಿ ಸಂಶೋಧನೆ ಒಂದೇ ವಿಭಾಗದ ಗೋಡೆಯೊಳಗೆ ಮುಗಿಯುವ ಕೆಲಸವಲ್ಲ. ಪುಡಿ ತಯಾರಾಗುವುದು ಕೆಮಿಸ್ಟ್ರಿಯಲ್ಲಿ. ಅದರ ಹರಳಿನ ರಚನೆ ನೋಡುವ ಎಕ್ಸ್‌ಆರ್‌ಡಿ ಯಂತ್ರ ಫಿಸಿಕ್ಸ್‌ನವರದು. ಫಾಯಿಲ್ ಮೇಲೆ ಲೇಪಿಸಿ ರೋಲರ್ ನಡುವೆ ಒತ್ತುವ ಅನುಭವ ಮೆಕ್ಯಾನಿಕಲ್‌ನವರಿಗೆ, ಚಾರ್ಜ್-ಡಿಸ್ಚಾರ್ಜ್ ಮಾಡಿಸುವ ಸೈಕ್ಲರ್ ಎಲೆಕ್ಟ್ರಿಕಲ್‌ನವರ ಕೋಣೆಯಲ್ಲಿ. ಯೋಜನೆಯ ಅರ್ಜಿಯಲ್ಲಿ ಈ ನಾಲ್ಕೂ ವಿಭಾಗಗಳ ಹೆಸರು ಒಂದರ ಕೆಳಗೊಂದು ಚೆನ್ನಾಗಿಯೇ ಕೂತಿರುತ್ತವೆ. ಕೆಲಸ ಕೆಡುವುದು ಪುಡಿ ಒಂದು ವಿಭಾಗದ ಬಾಗಿಲು ದಾಟಿ ಇನ್ನೊಂದಕ್ಕೆ ಕಾಲಿಡುವ ಹೊತ್ತಿನಲ್ಲಿ. ಅಲ್ಲಿ ಕಳೆದುಹೋಗುವುದು ಸಣ್ಣ ಸಣ್ಣ ಸಂಗತಿಗಳು: ತೂಕದಲ್ಲಿ ಇಂಗಾಲ ಎಷ್ಟು, ಫಾಯಿಲ್ ಎಷ್ಟು ದಪ್ಪ, 'ಚಾರ್ಜ್' ಎಂದರೆ ಯಾವ ದಿಕ್ಕು. ಆ ಬಾಗಿಲುಗಳ ಬಗ್ಗೆಯೇ ಈ ಬರಹ.

ಉದಾಹರಣೆಗೆ ಸೋಡಿಯಂ ವೆನೇಡಿಯಂ ಫಾಸ್ಫೇಟನ್ನು ತೆಗೆದುಕೊಳ್ಳೋಣ. ಲ್ಯಾಬಿನಲ್ಲಿ ಎಲ್ಲರೂ ಎನ್‌ವಿಪಿ ಎಂದೇ ಕರೆಯುತ್ತಾರೆ. ಸೋಡಿಯಂ-ಅಯಾನ್ ಸೆಲ್‌ಗೆ ಇದು ಧನ ವಿದ್ಯುದ್ವಾರದ ವಸ್ತು, ನಾಸಿಕಾನ್ ಎಂಬ ಹರಳು ಕುಟುಂಬಕ್ಕೆ ಸೇರಿದ್ದು. ಹೊಸದಾಗಿ ಕೂಡಿ ಕೆಲಸ ಶುರು ಮಾಡುವ ತಂಡಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ವಸ್ತು ಸಿಗುವುದು ಕಷ್ಟ. ಗಾಳಿಯಲ್ಲಿ ಬೇಗ ಹಾಳಾಗುವುದಿಲ್ಲ, ವೋಲ್ಟೇಜ್ ರೇಖೆ ಸ್ಪಷ್ಟ, ಎಷ್ಟು ಸಾಮರ್ಥ್ಯ ಬರಬೇಕು ಎಂಬ ಲೆಕ್ಕ ಮೊದಲೇ ಗೊತ್ತು: ಗ್ರಾಮಿಗೆ 117.6 ಮಿಲಿಆಂಪ್-ಅವರ್. ಅಣುತೂಕ 455.76, ಒಂದು ಘಟಕಕ್ಕೆ ಎರಡು ಸೋಡಿಯಂ ಹೊರಗೆ ಹೋಗಿ ಒಳಗೆ ಬರುತ್ತವೆ, ಉಳಿದದ್ದು ಫ್ಯಾರಡೆಯ ಗುಣಾಕಾರ. ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಅದೇ ನಮ್ಮ ತಕ್ಕಡಿ.

ನಾಸಿಕಾನ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿ ಲಿಂಕನ್ ಲ್ಯಾಬೊರೇಟರಿಯಲ್ಲಿ. ಅದರ ಹಿಂದಿದ್ದವರಲ್ಲಿ ಒಬ್ಬರು ಜಾನ್ ಗುಡೆನಫ್. ಅವರು ಓದಿದ್ದು ಭೌತಶಾಸ್ತ್ರ. ಆಕ್ಸ್‌ಫರ್ಡಿಗೆ ಹೋಗಿ ಮುಖ್ಯಸ್ಥರಾದದ್ದು ಅಜೈವಿಕ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ. 1980ರಲ್ಲಿ ಅಲ್ಲಿಂದ ಬಂದ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಎಂಬ ಧನ ವಿದ್ಯುದ್ವಾರ ವಸ್ತುವಿನ ಪ್ರಬಂಧದ ಮೊದಲ ಹೆಸರು ಮಿಜುಶಿಮಾ, ಟೋಕಿಯೊದಿಂದ ಬಂದಿದ್ದ ಭೌತವಿಜ್ಞಾನಿ. ಆಮೇಲೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಗುಡೆನಫ್ ಅವರ ಕುರ್ಚಿ ಇದ್ದದ್ದು ಇಂಜಿನಿಯರಿಂಗ್ ವಿಭಾಗದಲ್ಲಿ. 1997ರಲ್ಲಿ ಅಲ್ಲಿಂದ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಇನ್ನೊಂದು ಧನ ವಿದ್ಯುದ್ವಾರ ವಸ್ತು ಹೊರಬಂತು. ಆ ಪ್ರಬಂಧದಲ್ಲಿ ಪಾಧಿ, ನಂಜುಂಡಸ್ವಾಮಿ ಎಂಬ ಎರಡು ಭಾರತೀಯ ಹೆಸರುಗಳಿವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಇದೇ ನಾಸಿಕಾನ್ ಕುಟುಂಬದ ಮೇಲೆ ಈಗಲೂ ಕೆಲಸ ನಡೆಯುತ್ತಿದೆ. ಈ ವಸ್ತುಗಳ ಚರಿತ್ರೆಯೇ ವಿಭಾಗಗಳ ಬೇಲಿ ದಾಟಿದವರ ಚರಿತ್ರೆ.

ಇನ್ನು ಪುಡಿಗೆ ಬರೋಣ. 5 ಗ್ರಾಂ ಎನ್‌ವಿಪಿ ಬೇಕೆಂದರೆ ಅಮೋನಿಯಂ ಮೆಟಾವೆನಡೇಟ್ 2.57 ಗ್ರಾಂ, ನೀರಿಲ್ಲದ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 3.95 ಗ್ರಾಂ, ನೀರಿಲ್ಲದ ಸಿಟ್ರಿಕ್ ಆಮ್ಲ 4.2 ಗ್ರಾಂ. ಸಿಟ್ರಿಕ್ ಆಮ್ಲಕ್ಕೆ ಇಲ್ಲಿ ಎರಡು ಕೆಲಸ: ವೆನೇಡಿಯಂ ಅನ್ನು ಅಪಕರ್ಷಿಸುವುದು ಅಂದರೆ ಅದರ ಧನಾವೇಶ ಇಳಿಸುವುದು, ಕಾಯಿಸಿದಾಗ ಸುಟ್ಟು ಕಣಗಳ ಮೇಲೆ ಇಂಗಾಲದ ತೆಳು ಪೊರೆಯಾಗುವುದು. ಆ ಪೊರೆ ಇಲ್ಲದಿದ್ದರೆ ಎನ್‌ವಿಪಿ ಕೆಲಸಕ್ಕೆ ಬಾರದು, ಏಕೆಂದರೆ ಇಲೆಕ್ಟ್ರಾನುಗಳು ಅದರೊಳಗೆ ಸುಲಭವಾಗಿ ಹರಿಯುವುದಿಲ್ಲ.

ಮೊದಲ ತಪ್ಪು ಕಪಾಟಿನಲ್ಲೇ ಕಾದಿರುತ್ತದೆ. ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಡಬ್ಬಿಗಳು ಮೂರು ಬಗೆ: ನೀರಿಲ್ಲದ್ದು, ಒಂದು ನೀರಿನ ಅಣು ಹೊತ್ತದ್ದು, ಎರಡು ಹೊತ್ತದ್ದು. ಕೊನೆಯದನ್ನು ತೆಗೆದುಕೊಂಡು 3.95 ಗ್ರಾಂ ತೂಗಿದರೆ ಸೋಡಿಯಂ, ರಂಜಕ ಎರಡೂ ಬೇಕಾದುದರ ಶೇ. 77 ಮಾತ್ರ ಸೇರುತ್ತವೆ. ಅದಕ್ಕೆ 5.14 ಗ್ರಾಂ ಬೇಕು. ಪುಡಿ ಆಗಲೂ ಕಪ್ಪಗೇ ಬರುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೀಗಾಗಿ ಮಾದರಿಯ ಚೀಟಿಯಲ್ಲಿ ತೂಕದ ಜೊತೆಗೆ ಡಬ್ಬಿಯ ಮೇಲಿನ ಅಣುತೂಕವನ್ನೂ ಬರೆಯಬೇಕು: 119.98, 137.99 ಅಥವಾ 156.01. ಆ ಒಂದು ಸಂಖ್ಯೆ ಬರೆದಿದ್ದರೆ ಆರು ತಿಂಗಳ ನಂತರವೂ ತಪ್ಪು ಹುಡುಕಬಹುದು.

ನೂರು ಮಿಲಿಲೀಟರ್ ಬಟ್ಟಿ ನೀರಿನಲ್ಲಿ ಮೆಟಾವೆನಡೇಟ್ ಮತ್ತು ಸಿಟ್ರಿಕ್ ಆಮ್ಲ ಹಾಕಿ 80 ಡಿಗ್ರಿಯಲ್ಲಿ ಕಲಕುತ್ತಿದ್ದರೆ ದ್ರಾವಣ ಹಳದಿಯಿಂದ ಕಿತ್ತಳೆಗೆ, ಹಸಿರಿಗೆ, ಕೊನೆಗೆ ನೀಲಿಗೆ ತಿರುಗುತ್ತದೆ. ಐದು ಧನಾವೇಶದ ವೆನೇಡಿಯಂ ನಾಲ್ಕಕ್ಕೆ ಇಳಿದ ಗುರುತು ಅದು. ನೀಲಿ ಬಂದ ಮೇಲೆ ಫಾಸ್ಫೇಟ್ ಸೇರಿಸಿ, ನೀರು ಆವಿಯಾಗುವವರೆಗೆ ಕಾಯಿಸಿ, 120 ಡಿಗ್ರಿ ಒಲೆಯಲ್ಲಿ ರಾತ್ರಿಯಿಡೀ ಒಣಗಿಸಬೇಕು. ಜೆಲ್ ಹಲಸಿನ ಹಪ್ಪಳ ಎಣ್ಣೆಗೆ ಬಿದ್ದಂತೆ ಉಬ್ಬುತ್ತದೆ, ಬೀಕರ್ ಮುಕ್ಕಾಲು ಖಾಲಿ ಇರಲಿ. ಆಮೇಲೆ ಆರ್ಗಾನ್‌ನಲ್ಲಿ 350 ಡಿಗ್ರಿಗೆ ನಾಲ್ಕು ಗಂಟೆ, ತೆಗೆದು ಚೆನ್ನಾಗಿ ಅರೆದು, ಮತ್ತೆ ಆರ್ಗಾನ್-ಹೈಡ್ರೋಜನ್ ಮಿಶ್ರಣದಲ್ಲಿ 750 ಡಿಗ್ರಿಗೆ ಎಂಟು ಗಂಟೆ. ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ. ಮಧ್ಯದ ಅರೆಯುವಿಕೆಯನ್ನು ಬಿಟ್ಟರೆ ಒಳಗಿನ ಗಂಟುಗಳು ಬೇರೆ, ಹೊರಗಿನವು ಬೇರೆ ಆಗುತ್ತವೆ. ಕುಲುಮೆಯ ಕೊಳವೆ 60 ಡಿಗ್ರಿಗಿಂತ ಕೆಳಗೆ ತಣಿಯುವ ಮೊದಲು ತೆರೆಯಬೇಡಿ. ಬೋಟಿನಲ್ಲಿ, ಅಂದರೆ ದೋಣಿಯಾಕಾರದ ಪಾತ್ರೆಯಲ್ಲಿ, ಇರುವ ಪುಡಿಯ ಮೇಲ್ಪದರದ ಬಣ್ಣ ಕಪ್ಪು ಬಿಟ್ಟು ಹಸಿರು, ಕಂದು ಕಡೆಗೆ ಹೋಗಿದ್ದರೆ ಗಾಳಿ ಒಳಗೆ ಬಂದಿದೆ ಎಂದರ್ಥ. ಮೊದಲು ನೋಡಬೇಕಾದದ್ದು ಕೊಳವೆಯ ತುದಿಯ ಓ-ರಿಂಗುಗಳನ್ನು. ಹೈಡ್ರೋಜನ್ ಬರೀ ಶೇ. 5 ಎಂದು ಸದರವಾಗಿ ನೋಡಬಾರದು. ಹೊರಬರುವ ಅನಿಲವನ್ನು ಬಬ್ಲರ್ ಮೂಲಕ ಕಟ್ಟಡದ ಹೊರಗೇ ಬಿಡಬೇಕು. ವೆನೇಡಿಯಂ ಲವಣಗಳು ವಿಷ, ಅವುಗಳ ದೂಳು ಮೂಗಿಗೆ ಹೋಗಬಾರದು. ತೂಗುವುದು ಗಾಳಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲಿ, ಮಾಸ್ಕ್ ಹಾಕಿಕೊಂಡೇ.

ಪುಡಿಯ ಮೊದಲ ಬಾಗಿಲು ಫಿಸಿಕ್ಸ್. ಕೆಮಿಸ್ಟ್ರಿಯ ವಿದ್ಯಾರ್ಥಿ ಕೇಳುವುದು 'ಒಂದು ಎಕ್ಸ್‌ಆರ್‌ಡಿ ತೆಗೆದುಕೊಡಿ' ಎಂದು. ಆ ಮಾತಿಗೆ ಎರಡು ಅರ್ಥ. ಕೆಮಿಸ್ಟ್ರಿಯವರಿಗೆ ಬೇಕಾದದ್ದು ಕಾಲು ಗಂಟೆಯ ಸ್ಕ್ಯಾನ್, 10ರಿಂದ 60 ಡಿಗ್ರಿ, ಶಿಖರಗಳು ಸರಿಯಾದ ಜಾಗದಲ್ಲಿವೆಯೇ ಎಂದು ನೋಡಲು. ಅದೇ ದತ್ತಾಂಶವನ್ನು, ಇಡೀ ರೇಖೆಗೆ ಹರಳಿನ ಮಾದರಿಯನ್ನು ಹೊಂದಿಸುವ ರೀಟ್‌ವೆಲ್ಡ್ ವಿಧಾನಕ್ಕೆ ಹಾಕಿ ಸೋಡಿಯಂ ಎಲ್ಲೆಲ್ಲಿ ಎಷ್ಟು ಕೂತಿದೆ ಎಂದು ಕೇಳಿದರೆ ಉತ್ತರಕ್ಕೆ ನಂಬಿಕೆ ಇರುವುದಿಲ್ಲ. ಅದಕ್ಕೆ 10ರಿಂದ 120 ಡಿಗ್ರಿಯವರೆಗೆ, ಹಲವು ಗಂಟೆಗಳ ನಿಧಾನ ಸ್ಕ್ಯಾನ್ ಬೇಕು. ಎನ್‌ವಿಪಿಯಲ್ಲಿ ಸೋಡಿಯಂಗೆ ಒಟ್ಟು ನಾಲ್ಕು ಜಾಗ, ಕೂರುವುದು ಮೂರು. ಯಾವ ಜಾಗ ಎಷ್ಟು ಖಾಲಿ ಎಂಬುದೇ ಲೆಕ್ಕಾಚಾರದ ಗುಂಪಿನವರಿಗೆ, ಅಂದರೆ ಕಂಪ್ಯೂಟರಿನಲ್ಲಿ ಅಯಾನುಗಳ ಓಡಾಟ ಲೆಕ್ಕ ಹಾಕುವವರಿಗೆ, ಮೊದಲ ಪ್ರಶ್ನೆ. ಅವರಿಗೆ ಬೇಕಾದದ್ದು ಪ್ರಬಂಧಕ್ಕೆ ಹಾಕುವ ಚಿತ್ರವಲ್ಲ, ಪರಿಷ್ಕರಿಸಿದ ರಚನೆಯ ಸಿಐಎಫ್ ಫೈಲ್. ಜಾಲಕದ ಉದ್ದಗಳು ಸುಮಾರು 8.73 ಮತ್ತು 21.8 ಆಂಗ್‌ಸ್ಟ್ರಾಮ್ ಬಂದರೆ ದಾರಿ ಸರಿ ಇದೆ ಎನ್ನಬಹುದು.

ಎಕ್ಸ್‌ಆರ್‌ಡಿ ಒಂದು ವಿಷಯದಲ್ಲಿ ಮಾತ್ರ ಮೌನ: ಕಣಗಳ ಮೇಲಿನ ಇಂಗಾಲ ಅದಕ್ಕೆ ಕಾಣುವುದಿಲ್ಲ. ಆ ಪೊರೆಗೆ ಹರಳಿನ ಕ್ರಮವಿಲ್ಲ, ಹಾಗಾಗಿ ಶಿಖರವೂ ಇಲ್ಲ. 'ಶುದ್ಧ ಎನ್‌ವಿಪಿ' ಎಂದು ವರದಿ ಬಂದ ಪುಡಿಯಲ್ಲಿ ಇಂಗಾಲ ಶೇ. 7-8 ಇರಬಹುದು. ಅದನ್ನು ಅಳೆಯಲು ಪುಡಿಯನ್ನು ಗಾಳಿಯಲ್ಲಿ ಕಾಯಿಸಿ ತೂಕದ ಇಳಿಕೆ ನೋಡುವ ಟಿಜಿಎ ಯಂತ್ರಕ್ಕೆ ಕೊಡುತ್ತಾರೆ. ಇಲ್ಲೇ ಬಹಳ ತಂಡಗಳು ಎಡವುವುದು.

ಗಾಳಿಯಲ್ಲಿ ಕಾಯಿಸಿದಾಗ ಇಂಗಾಲ ಸುಟ್ಟು ತೂಕ ಇಳಿಯುತ್ತದೆ, ನಿಜ. ಅದೇ ಹೊತ್ತಿಗೆ ಮೂರು ಧನಾವೇಶದ ವೆನೇಡಿಯಂ ಐದಕ್ಕೆ ಏರಿ ಆಮ್ಲಜನಕ ಹೀರಿಕೊಳ್ಳುತ್ತದೆ, ತೂಕ ಏರುತ್ತದೆ. ಒಂದು ಘಟಕಕ್ಕೆ ಎರಡು ಆಮ್ಲಜನಕ ಪರಮಾಣು, ಅಂದರೆ 455.76ಕ್ಕೆ 32, ಶೇ. 7.0 ಏರಿಕೆ. ಟಿಜಿಎ ರೇಖೆಯ ಕೊನೆಯಲ್ಲಿ ಒಟ್ಟು ಇಳಿಕೆ ಶೇ. 1 ಎಂದು ಕಂಡಿತು ಎನ್ನಿ. ಯಂತ್ರ ನಡೆಸುವವರಿಗೆ ಪುಡಿಯಲ್ಲಿ ಏನಿದೆ ಎಂದು ಯಾರೂ ಹೇಳಿರದಿದ್ದರೆ ವರದಿಯಲ್ಲಿ ಬರುವುದು 'ಇಂಗಾಲ ಶೇ. 1'. ಲೆಕ್ಕ ಸರಿಯಾಗಿ ಹಾಕಿದರೆ: ಉಳಿದ 0.99 ಭಾಗವನ್ನು 1.070ರಿಂದ ಭಾಗಿಸಿದರೆ ಎನ್‌ವಿಪಿ ಶೇ. 92.5, ಇಂಗಾಲ ಶೇ. 7.5. ಒಂದಕ್ಕೂ ಏಳೂವರೆಗೂ ಇರುವ ಈ ಅಂತರ ಕೊನೆಯ ಗ್ರಾಫಿನವರೆಗೂ ಹಿಂಬಾಲಿಸುತ್ತದೆ. ಪೂರ್ತಿ ಆಕ್ಸಿಡೀಕರಣ ಆಯಿತೇ ಎಂಬ ಅನುಮಾನ ಇದ್ದರೆ ಅದೇ ಪುಡಿಯನ್ನು ಇಂಗಾಲವನ್ನು ನೇರವಾಗಿ ಅಳೆಯುವ ಸಿಎಚ್‌ಎನ್ ವಿಶ್ಲೇಷಣೆಗೂ ಕೊಟ್ಟು ಎರಡೂ ಸಂಖ್ಯೆ ಹೋಲಿಸಬೇಕು. ಅದಕ್ಕೆ ಕೆಲವೇ ಮಿಲಿಗ್ರಾಂ ಸಾಕು.

ನಿಮ್ಮ ಕ್ಯಾಂಪಸ್‌ನಲ್ಲಿ ಯಂತ್ರ ಇಲ್ಲ ಎಂಬುದು ದೊಡ್ಡ ಅಡ್ಡಿಯಲ್ಲ. ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಉಪಕರಣಗಳನ್ನು ಹುಡುಕಿ ಸಮಯ ಕಾಯ್ದಿರಿಸಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಫ್ ಎಂಬ ಉಪಕರಣ ಕೇಂದ್ರ ಇದೆ. ವೆನೇಡಿಯಂನ ಧನಾವೇಶವನ್ನು ನೇರವಾಗಿ ನೋಡಬೇಕೆಂದರೆ ತೀಕ್ಷ್ಣ ಎಕ್ಸ್-ಕಿರಣ ಕೊಡುವ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್‌ಗೆ ಪ್ರಸ್ತಾವ ಬರೆಯಬಹುದು. ಕಳಿಸುವ ಚೀಟಿಯಲ್ಲಿ ರಾಸಾಯನಿಕ ಸೂತ್ರ, ಅಂದಾಜು ಇಂಗಾಲ, ವಿಷದ ಎಚ್ಚರಿಕೆ ಮೂರೂ ಇರಲಿ. 'ಸ್ಯಾಂಪಲ್ 1, ಸ್ಯಾಂಪಲ್ 2' ಎಂದು ಬರೆದು ಕಳಿಸಿದ ಪುಡಿಗೆ ಒಳ್ಳೆಯ ಯಂತ್ರವೂ ಒಳ್ಳೆಯ ಉತ್ತರ ಕೊಡಲಾರದು.

ಎರಡನೆಯ ಬಾಗಿಲು ಲೇಪನದ್ದು. 0.24 ಗ್ರಾಂ ಎನ್‌ವಿಪಿ, 0.03 ಗ್ರಾಂ ವಾಹಕ ಇಂಗಾಲ, 0.03 ಗ್ರಾಂ ಪಿವಿಡಿಎಫ್ ಅಂಟು, ಅಂದರೆ 80:10:10. ಅಂಟನ್ನು ಪುಡಿಯಾಗಿ ಹಾಕಬೇಡಿ. ಹಿಂದಿನ ದಿನವೇ ಎನ್‌ಎಂಪಿ ದ್ರಾವಕದಲ್ಲಿ ಶೇ. 5ರ ದ್ರಾವಣ ಮಾಡಿ ರಾತ್ರಿಯಿಡೀ ಕಲಕಿಸಿಟ್ಟು, ಅದರಿಂದ 0.6 ಗ್ರಾಂ ತೆಗೆದುಕೊಳ್ಳಿ. ಎರಡು ಪುಡಿಗಳನ್ನು ಅಗೇಟ್ ಖಲ್ಲಿನಲ್ಲಿ ಒಣದಾಗಿ ಇಪ್ಪತ್ತು ನಿಮಿಷ ಅರೆದ ಮೇಲೆ ಅಂಟು, ಆಮೇಲೆ ಎನ್‌ಎಂಪಿಯನ್ನು ಹನಿಹನಿಯಾಗಿ ಸುಮಾರು ಅರ್ಧ ಮಿಲಿಲೀಟರ್. ಹದ ಜೋನಿಬೆಲ್ಲದ್ದು: ಕಡ್ಡಿ ಎತ್ತಿದರೆ ಎಳೆಯಾಗಿ ಇಳಿಯಬೇಕು, ಹನಿಯಾಗಿ ತೊಟ್ಟಿಕ್ಕಬಾರದು. ಇಷ್ಟರಲ್ಲಿ 10ಕ್ಕೆ 12 ಸೆಂಟಿಮೀಟರ್ ಅಲ್ಯೂಮಿನಿಯಂ ಫಾಯಿಲ್ ತುಂಬುತ್ತದೆ. ಲೇಪವನ್ನು ಸಮನಾಗಿ ಎಳೆಯುವ ಡಾಕ್ಟರ್ ಬ್ಲೇಡ್‌ನ ಸಂದು 150 ಮೈಕ್ರೋಮೀಟರ್ ಇಟ್ಟರೆ ಒಣಗಿದ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು 2.5 ಮಿಲಿಗ್ರಾಂ ಲೇಪ ಉಳಿಯುತ್ತದೆ.

ಎನ್‌ಎಂಪಿ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ಮಂಗಳೂರಿನಲ್ಲಾಗಲಿ ಮಣಿಪಾಲದಲ್ಲಾಗಲಿ ತೆರೆದಿಟ್ಟ ಬಾಟಲಿ ಒಂದು ವಾರದಲ್ಲಿ ಕೆಟ್ಟಂತೆಯೇ. ನೀರು ಸೇರಿದ ಎನ್‌ಎಂಪಿಯಲ್ಲಿ ಪಿವಿಡಿಎಫ್ ಗಂಟುಕಟ್ಟುತ್ತದೆ, ಲೇಪ ಫಾಯಿಲ್‌ನಿಂದ ಹೆಕ್ಕಳಿಕೆಯಂತೆ ಎದ್ದು ಬರುತ್ತದೆ. ಎನ್‌ವಿಪಿ ಇದನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಪದರ ರಚನೆಯ ಸೋಡಿಯಂ ಆಕ್ಸೈಡುಗಳಾದರೆ ಅವುಗಳ ಮೇಲ್ಮೈಯ ಕ್ಷಾರಕ್ಕೆ ಪಿವಿಡಿಎಫ್ ಒಡೆದು ಲೇಪಿಸುವ ಮಿಶ್ರಣ ಕೈಯಲ್ಲೇ ಜೆಲ್ ಆಗುತ್ತದೆ. ಹಾಗಾದಾಗ ಕೆಮಿಸ್ಟ್ರಿಯವರು ಅಂಟನ್ನು, ಲೇಪಿಸುವವರು ಪುಡಿಯನ್ನು ದೂರುತ್ತಾರೆ; ಕಾರಣ ಇರುವುದು ಎರಡರ ನಡುವಿನ ನೀರಿನಲ್ಲಿ. ನೀರು ಹೀರುವ ಮಾಲಿಕ್ಯುಲರ್ ಸೀವ್ ಹಾಕಿದ ಸಣ್ಣ ಬಾಟಲಿಗಳಲ್ಲಿ ಹಂಚಿಟ್ಟು, ತೆರೆದ ದಿನಾಂಕ ಬರೆದಿಡುವುದೇ ಇದಕ್ಕೆ ಔಷಧ. ಎನ್‌ಎಂಪಿ ಗರ್ಭದ ಮಗುವಿಗೆ ಹಾನಿ ಮಾಡಬಲ್ಲದು. ಬ್ಯುಟೈಲ್ ರಬ್ಬರ್ ಕೈಗವಸು, ಹುಡ್ ಎರಡೂ ಕಡ್ಡಾಯ. ಒಣಗಿಸುವುದು 80 ಡಿಗ್ರಿಯಲ್ಲಿ ನಿಧಾನವಾಗಿ, ಆಮೇಲೆ ನಿರ್ವಾತ ಒಲೆಯಲ್ಲಿ 110 ಡಿಗ್ರಿಗೆ ಹನ್ನೆರಡು ಗಂಟೆ. ಅವಸರ ಮಾಡಿದರೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ.

ಸೋಡಿಯಂ ಸೆಲ್‌ನ ಒಂದು ಅನುಕೂಲ ಇಲ್ಲೇ ಹೇಳಬೇಕು. ಸೋಡಿಯಂ ಅಲ್ಯೂಮಿನಿಯಂ ಜೊತೆ ಮಿಶ್ರಲೋಹ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಎರಡೂ ಬದಿಗೆ ಅಲ್ಯೂಮಿನಿಯಂ ಫಾಯಿಲ್ ಸಾಕು. ಲಿಥಿಯಂ ಸೆಲ್‌ನಂತೆ ಋಣ ಬದಿಗೆ ತಾಮ್ರ ಬೇಕಿಲ್ಲ.

ಈಗ ತೂಕ. ನನ್ನ ದೃಷ್ಟಿಯಲ್ಲಿ ಇಡೀ ಸಹಯೋಗದ ನೆಲೆ ಇದೇ. 12 ಮಿಲಿಮೀಟರ್ ವ್ಯಾಸದ ಬಿಲ್ಲೆ ಕತ್ತರಿಸಿದರೆ ಅದರ ವಿಸ್ತೀರ್ಣ 1.13 ಚದರ ಸೆಂಟಿಮೀಟರ್. 15 ಮೈಕ್ರೋಮೀಟರ್ ಫಾಯಿಲ್‌ನ ತೂಕವೇ 4.58 ಮಿಲಿಗ್ರಾಂ. ಅದರ ಮೇಲಿನ ಲೇಪ 2.83 ಮಿಲಿಗ್ರಾಂ. ನಾವು ಅಳೆಯಬೇಕಾದ ವಸ್ತು ಅದನ್ನು ಹೊತ್ತ ಫಾಯಿಲ್‌ಗಿಂತ ಹಗುರ! ಡಬ್ಬಿಯ ಮೇಲೆ ಬರೆದ ದಪ್ಪವನ್ನು ನಂಬಿ 4.58 ಕಳೆದಿರಿ, ನಿಜವಾದ ಫಾಯಿಲ್ ಶೇ. 5 ತೆಳುವಾಗಿತ್ತು ಎಂದುಕೊಳ್ಳಿ. ವ್ಯತ್ಯಾಸ 0.23 ಮಿಲಿಗ್ರಾಂ. ಲೇಪದ ತೂಕದಲ್ಲಿ ಅದು ಶೇ. 8, ಸಾಮರ್ಥ್ಯದಲ್ಲೂ ಅಷ್ಟೇ ತಪ್ಪು.

ಇದರ ಜೊತೆಗೆ ಟಿಜಿಎಯ ತಪ್ಪನ್ನು ಸೇರಿಸಿ ನೋಡಿ. ಪುಡಿಯಲ್ಲಿ ಇಂಗಾಲ ಶೇ. 7.5 ಇದ್ದು, ಅದನ್ನೂ ಎನ್‌ವಿಪಿ ಎಂದೇ ಲೆಕ್ಕ ಹಾಕಿದರೆ 117.6ರ ಬದಲು ಹೆಚ್ಚೆಂದರೆ 108.8 ಸಿಗಬೇಕು. ಫಾಯಿಲ್‌ನ ತಪ್ಪು ಅದನ್ನು ಮತ್ತೆ 118ರ ಹತ್ತಿರಕ್ಕೆ ಎತ್ತುತ್ತದೆ. ಎರಡು ವಿಭಾಗಗಳ ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ಗ್ರಾಫಿನಲ್ಲಿ ಪಠ್ಯಪುಸ್ತಕದ ಸಂಖ್ಯೆ ಮೂಡುತ್ತದೆ, ಎಲ್ಲರಿಗೂ ಖುಷಿ. ಮುಂದಿನ ಫಾಯಿಲ್ ಸುರುಳಿ ಬಂದಾಗ ಫಲಿತಾಂಶ ಮರುಕಳಿಸುವುದಿಲ್ಲ, ಯಾಕೆಂದು ಯಾರಿಗೂ ಹೊಳೆಯುವುದಿಲ್ಲ. ಸರಿಯಾದ ದಾರಿ ಕಷ್ಟದ್ದೇನೂ ಅಲ್ಲ. ಅದೇ ಸುರುಳಿಯಿಂದ, ಅದೇ ಪಂಚ್‌ನಿಂದ ಹತ್ತು ಬರಿಯ ಬಿಲ್ಲೆ ಕತ್ತರಿಸಿ, ಅವಕ್ಕೂ ಎನ್‌ಎಂಪಿ ಒರೆಸಿ ಅದೇ ಒಲೆಯಲ್ಲಿ ಒಣಗಿಸಿ, 0.01 ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಸರಾಸರಿ ತೆಗೆಯಬೇಕು. ಸಾಮರ್ಥ್ಯ ಬರೆಯುವಾಗ 'ಪುಡಿಯ ಗ್ರಾಮಿಗೆ' ಎಂದೋ 'ಎನ್‌ವಿಪಿಯ ಗ್ರಾಮಿಗೆ' ಎಂದೋ ಬಿಡಿಸಿ ಬರೆಯಬೇಕು. 117.6 ದಾಟಿದ ಯಾವ ಸಂಖ್ಯೆ ಬಂದರೂ ಹಿಗ್ಗುವ ಮೊದಲು ತಕ್ಕಡಿಯ ಹತ್ತಿರ ಹೋಗಿ.

ಸೆಲ್ ಕೂಡಿಸುವುದು ಆರ್ಗಾನ್ ಗ್ಲೋವ್‌ಬಾಕ್ಸ್‌ನಲ್ಲಿ, ಅಂದರೆ ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಯಲ್ಲಿ; ನೀರು ಮತ್ತು ಆಮ್ಲಜನಕ ಎರಡೂ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು. ಸಿಆರ್2032 ಎಂಬ ನಾಣ್ಯದ ಗಾತ್ರದ ಸೆಲ್‌ನಲ್ಲಿ ಕ್ರಮ ಹೀಗೆ: ಧನ ಬದಿಯ ಡಬ್ಬಿ, ಎನ್‌ವಿಪಿ ಬಿಲ್ಲೆ, ಎರಡು ಬದಿ ತಾಗದಂತೆ ತಡೆಯುವ ಗಾಜಿನ ನಾರಿನ ಸೆಪರೇಟರ್, 100 ಮೈಕ್ರೋಲೀಟರ್ ಇಲೆಕ್ಟ್ರೊಲೈಟ್, ಸೋಡಿಯಂ ಬಿಲ್ಲೆ, ಸ್ಪೇಸರ್, ಸ್ಪ್ರಿಂಗ್, ಮುಚ್ಚಳ. ಇಲೆಕ್ಟ್ರೊಲೈಟ್ ಎಂದರೆ ಸೋಡಿಯಂ ಹೆಕ್ಸಾಫ್ಲೋರೋಫಾಸ್ಫೇಟ್‌ನ 1 ಮೋಲಾರ್ ದ್ರಾವಣ, ಎಥಿಲೀನ್ ಮತ್ತು ಪ್ರೊಪಿಲೀನ್ ಕಾರ್ಬೊನೇಟ್ ಸಮಪಾಲಿನಲ್ಲಿ. ಸೋಡಿಯಂ ಬೆಣ್ಣೆಯಷ್ಟು ಮೃದು. ಎಣ್ಣೆಯಿಂದ ತೆಗೆದು ಹೆಕ್ಸೇನ್‌ನಲ್ಲಿ ಒರೆಸಿ, ಹೊರಗಿನ ಬೂದು ಪದರ ಕತ್ತರಿಸಿ, ಹೊಳೆಯುವ ಭಾಗವನ್ನು ಪ್ಲಾಸ್ಟಿಕ್ ಚೀಲದ ನಡುವೆ ಲಟ್ಟಿಸಬೇಕು. ಸ್ಪ್ರಿಂಗ್ ಬಲವಾಗಿದ್ದರೆ ಈ ಮೃದು ಲೋಹ ಪಕ್ಕಕ್ಕೆ ಹರಿದು ಡಬ್ಬಿಯ ಗೋಡೆ ಮುಟ್ಟುತ್ತದೆ, ಸೆಲ್ ಹುಟ್ಟುವಾಗಲೇ ಶಾರ್ಟ್. ಸೆಪರೇಟರ್ 12 ಮಿಲಿಮೀಟರ್ ಬಿಲ್ಲೆಗಿಂತ ಸಾಕಷ್ಟು ದೊಡ್ಡದಿರಲಿ, 16ಕ್ಕಿಂತ ಕಡಿಮೆ ಬೇಡ. ಮುಚ್ಚಿದ ಮೇಲೆ ಲೋಹದ ಚಿಮಟದಿಂದ ಎತ್ತಬೇಡಿ. ಚಿಮಟದ ಎರಡು ತುದಿ ಡಬ್ಬಿಗೂ ಮುಚ್ಚಳಕ್ಕೂ ಒಟ್ಟಿಗೆ ತಾಗಿದರೆ ಮಾಡಿದ್ದೆಲ್ಲ ನೀರುಪಾಲು. ಪ್ಲಾಸ್ಟಿಕ್ ಚಿಮಟಕ್ಕೆ ಹೆಚ್ಚು ಬೆಲೆಯೇನಿಲ್ಲ. ಒಂದೇ ಬಗೆಯ ಸೆಲ್ ಕನಿಷ್ಠ ಮೂರು ಮಾಡಿ, ಅದರಲ್ಲಿ ಚೆನ್ನಾಗಿ ಬಂದ ಒಂದನ್ನು ಆರಿಸಿ ತೋರಿಸುವ ಬದಲು ಮೂರರ ಸರಾಸರಿಯನ್ನೂ ಹರವನ್ನೂ ತೋರಿಸಿ.

ಮೂರನೆಯ ಬಾಗಿಲು ಎಲೆಕ್ಟ್ರಿಕಲ್. ಅಲ್ಲಿನ ಸೈಕ್ಲರ್‌ಗಳು ಸಾಮಾನ್ಯವಾಗಿ ಮಾರುಕಟ್ಟೆಯ ಸೆಲ್‌ಗಳಿಗಾಗಿ ತಂದವು, ಒಂದು ಚಾನೆಲ್‌ಗೆ 5 ಆಂಪಿಯರ್. ನಮ್ಮ ಬಿಲ್ಲೆಯ ಎನ್‌ವಿಪಿ ಪುಡಿ 2.26 ಮಿಲಿಗ್ರಾಂ, ಒಂದು ಗಂಟೆಯಲ್ಲಿ ಖಾಲಿ ಮಾಡುವ ಪ್ರವಾಹ 0.266 ಮಿಲಿಆಂಪ್, ಹತ್ತು ಗಂಟೆಯದಾದರೆ 0.0266. ಯಂತ್ರದ ನಿಖರತೆ ಪೂರ್ಣ ವ್ಯಾಪ್ತಿಯ ಶೇ. 0.1 ಎಂದಿದ್ದರೆ 5 ಆಂಪಿಯರ್ ಚಾನೆಲ್‌ನಲ್ಲಿ ಅದು 5 ಮಿಲಿಆಂಪ್. ಅಂದರೆ ಅಳೆಯಬೇಕಾದ ಪ್ರವಾಹಕ್ಕಿಂತ ತಪ್ಪೇ ಸುಮಾರು 190 ಪಟ್ಟು ದೊಡ್ಡದು. ಭತ್ತ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದಂತೆ. ಯೋಜನೆ ಬರೆಯುವಾಗಲೇ 1 ಅಥವಾ 5 ಮಿಲಿಆಂಪ್ ವ್ಯಾಪ್ತಿಯ ಎಂಟು ಚಾನೆಲ್ ಬೇಕೆಂದು ನಮೂದಿಸದಿದ್ದರೆ ಆಮೇಲೆ ಕೇಳಲು ಜಾಗವಿರುವುದಿಲ್ಲ.

ಭಾಷೆಯ ತೊಡಕು ಇನ್ನೂ ಸೂಕ್ಷ್ಮ. ಕೆಮಿಸ್ಟ್ರಿಯಲ್ಲಿ ಋಣ ಬದಿಯ ಇಂಗಾಲವನ್ನು ಸೋಡಿಯಂ ಲೋಹದ ಎದುರು ಪರೀಕ್ಷಿಸುವಾಗ, ಇಂಗಾಲದೊಳಗೆ ಸೋಡಿಯಂ ತುಂಬುವುದು ಡಿಸ್ಚಾರ್ಜ್. ಎನ್‌ವಿಪಿಯನ್ನೇ ಎದುರಿಗಿಟ್ಟ ಪೂರ್ತಿ ಸೆಲ್‌ನಲ್ಲಿ ಅದೇ ಇಂಗಾಲಕ್ಕೆ ಸೋಡಿಯಂ ತುಂಬುವುದು ಚಾರ್ಜ್. ಎಲೆಕ್ಟ್ರಿಕಲ್‌ನವರು ಫೈಲ್‌ನ 'ಚಾರ್ಜ್' ಕಾಲಂ ನೋಡಿ ದಕ್ಷತೆ ಲೆಕ್ಕ ಹಾಕಿದರೆ ಭಾಗಾಕಾರ ತಲೆಕೆಳಗಾಗುತ್ತದೆ. 'ಒಂದು ಸಿ', ಅಂದರೆ ಒಂದು ಗಂಟೆಯಲ್ಲಿ ಪೂರ್ತಿ ತುಂಬಿಸುವ ಅಥವಾ ಖಾಲಿ ಮಾಡುವ ವೇಗ, ಎಂಬ ಮಾತೂ ಹಾಗೆಯೇ: ಒಬ್ಬರು 117.6 ಹಿಡಿಯುತ್ತಾರೆ, ಇನ್ನೊಬ್ಬರು ಅಳೆದ 100 ಹಿಡಿಯುತ್ತಾರೆ. ಫೈಲ್‌ನಲ್ಲಿ 'ಸೋಡಿಯಂ ಒಳಗೆ', 'ಸೋಡಿಯಂ ಹೊರಗೆ' ಎಂದೂ, ಪ್ರವಾಹವನ್ನು ಗ್ರಾಮಿಗೆ ಇಷ್ಟು ಮಿಲಿಆಂಪ್ ಎಂದೂ ಬರೆದರೆ ವಾದವೇ ಏಳುವುದಿಲ್ಲ.

ಒಂದೇ ಗುಣ ಒಬ್ಬರಿಗೆ ವರ, ಇನ್ನೊಬ್ಬರಿಗೆ ತಲೆನೋವು ಆಗುವುದೂ ಇಲ್ಲೇ ಗೊತ್ತಾಗುವುದು. ಎನ್‌ವಿಪಿಯ ವೋಲ್ಟೇಜ್ ಸುಮಾರು 3.4 ವೋಲ್ಟ್‌ನಲ್ಲಿ ಮೇಜಿನಂತೆ ಸಪಾಟಾಗಿರುತ್ತದೆ. ಕೆಮಿಸ್ಟ್ರಿಯವರ ಹೆಮ್ಮೆ ಅದು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಹೇಳುವ ಸರ್ಕ್ಯೂಟ್ ಕಟ್ಟುವವರಿಗೆ ಆ ಸಪಾಟು ರೇಖೆಯಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ: ಶೇ. 30ಕ್ಕೂ ಶೇ. 70ಕ್ಕೂ ವೋಲ್ಟೇಜ್ ಒಂದೇ. ಆಗ ಹರಿದ ಪ್ರವಾಹವನ್ನು ಕೂಡಿಸುತ್ತ ಹೋಗಬೇಕು, ಆ ಕೂಡಿಕೆಯ ತಪ್ಪು ದಿನದಿನಕ್ಕೆ ಬೆಳೆಯುತ್ತದೆ, ರೇಖೆಯ ಎರಡು ತುದಿಗಳಲ್ಲಿ ಮಾತ್ರ ಸರಿಪಡಿಸಿಕೊಳ್ಳಬಹುದು. ಇದನ್ನು ಮೊದಲ ವರ್ಷವೇ ಕೂತು ಮಾತಾಡಿದ ತಂಡ ಋಣ ಬದಿಗೆ ಇಳಿಜಾರು ರೇಖೆಯ ಇಂಗಾಲ ಆರಿಸಿಕೊಂಡು ಆ ಇಳಿಜಾರನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಮೆಕ್ಯಾನಿಕಲ್‌ನವರಿಗೂ ಇದರಲ್ಲಿ ಮಾತಿದೆ. ಸೋಡಿಯಂ ಪೂರ್ತಿ ಹೊರಟಾಗ ಎನ್‌ವಿಪಿಯ ಗಾತ್ರ ಸುಮಾರು ಶೇ. 8 ಕುಗ್ಗುತ್ತದೆ. ರೋಲರ್‌ನಲ್ಲಿ ಎಷ್ಟು ಒತ್ತಬೇಕು, ಎಷ್ಟು ಸಂದು ಬಿಡಬೇಕು ಎಂದು ನಿರ್ಧರಿಸುವವರಿಗೆ ಈ ಸಂಖ್ಯೆ ತಲುಪಿರಬೇಕು.

ಆ ಇಂಗಾಲದಲ್ಲಿ ನಮ್ಮ ನೆಲದ ನಂಟೂ ಇದೆ. ಸೋಡಿಯಂ ಗ್ರಾಫೈಟ್‌ನಲ್ಲಿ ಸರಿಯಾಗಿ ಕೂರುವುದಿಲ್ಲ, ಅದಕ್ಕೆ ಪದರಗಳು ಅಡ್ಡಾದಿಡ್ಡಿಯಾಗಿರುವ ಹಾರ್ಡ್ ಕಾರ್ಬನ್ ಬೇಕು. ತೆಂಗಿನ ಚಿಪ್ಪಿನಿಂದ ಅದನ್ನು ಮಾಡಬಹುದು. ತಿಪಟೂರಿನ ಕೊಬ್ಬರಿ ಸೀಮೆಯಲ್ಲಿ ಚಿಪ್ಪಿಗೆ ಬರವಿಲ್ಲ. ಚಿಪ್ಪನ್ನು ತೊಳೆದು, ನಾರು ತೆಗೆದು, 105 ಡಿಗ್ರಿಯಲ್ಲಿ ಒಣಗಿಸಿ, ನೈಟ್ರೋಜನ್‌ನಲ್ಲಿ 600 ಡಿಗ್ರಿಗೆ ಇದ್ದಿಲು ಮಾಡಿ, ಅರೆದು, 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ತೊಳೆಯಬೇಕು. ಚಿಪ್ಪಿನ ಬೂದಿಯಲ್ಲಿ ಪೊಟ್ಯಾಶಿಯಂ ಇರುತ್ತದೆ. ಅದು ಉಳಿದರೆ ಮುಂದಿನ ಕಾವಿನಲ್ಲಿ ಇಂಗಾಲವನ್ನು ಕೊರೆದು ಬೇಡದ ರಂಧ್ರ ಮಾಡುತ್ತದೆ, ಮೇಲ್ಮೈ ಹೆಚ್ಚುತ್ತದೆ, ಮೊದಲ ಚಾರ್ಜ್‌ನಲ್ಲಿ ಕಳೆದುಹೋಗುವ ಸೋಡಿಯಂ ಕೂಡ. ತೊಳೆದ ನೀರು ತಟಸ್ಥವಾದ ಮೇಲೆ ಆರ್ಗಾನ್‌ನಲ್ಲಿ 1300 ಡಿಗ್ರಿಗೆ ಎರಡು ಗಂಟೆ. ಈ ಕಾವಿಗೆ ಕ್ವಾರ್ಟ್ಜ್ ಕೊಳವೆ ಬಳಸಬಾರದು, ಅದು ಮೆತ್ತಗಾಗಿ ಬಾಗುತ್ತದೆ. ಅಲ್ಯೂಮಿನಾ ಕೊಳವೆಯೇ ಬೇಕು. ಅದು ಬಿರುಕು ಬಿಡದಂತೆ ಏರಿಸುವುದೂ ಇಳಿಸುವುದೂ ನಿಮಿಷಕ್ಕೆ 3 ಡಿಗ್ರಿಯಂತೆ. ಚಿಪ್ಪು ಯಾವ ಊರಿನದು, ಯಾವ ತಳಿ, ಎಷ್ಟು ಹಳೆಯದು ಎಂದು ಕೃಷಿ ವಿಭಾಗದವರು ಬರೆದುಕೊಟ್ಟರೆ ಬೂದಿಯ ಏರಿಳಿತ ಎಲ್ಲಿಂದ ಬಂತು ಎಂದು ಹುಡುಕುವುದು ಸಲೀಸು.

ಎರಡೂ ಬದಿ ಕೂಡಿಸುವಾಗ ಲೆಕ್ಕ ಹೀಗೆ. ಎನ್‌ವಿಪಿ ಬದಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ, ಗ್ರಾಮಿಗೆ 110ರಂತೆ 0.22 ಮಿಲಿಆಂಪ್-ಅವರ್. ಋಣ ಬದಿಯನ್ನು 1.1 ಪಟ್ಟು ಇಡಬೇಕು, ಇಲ್ಲದಿದ್ದರೆ ತುಂಬಿ ಉಳಿದ ಸೋಡಿಯಂ ಲೋಹವಾಗಿ ಮೇಲೆ ಕೂರುತ್ತದೆ. ಇಂಗಾಲ ಗ್ರಾಮಿಗೆ 280 ಕೊಡುವಂಥದ್ದಾದರೆ 0.86 ಮಿಲಿಗ್ರಾಂ ಸಾಕು. ಮೊದಲ ಚಕ್ರದ ದಕ್ಷತೆ ಶೇ. 80 ಎಂದರೆ ಗ್ರಾಮಿಗೆ 70 ಮತ್ತೆಂದೂ ಮರಳದು. 0.86 ಮಿಲಿಗ್ರಾಂಗೆ 0.06, ಅಂದರೆ ಎನ್‌ವಿಪಿ ತಂದ ಸೋಡಿಯಂನ ಕಾಲುಭಾಗಕ್ಕಿಂತ ಹೆಚ್ಚು ಮೊದಲ ದಿನವೇ ಮುಗಿಯಿತು. ಸೋಡಿಯಂ ಲೋಹದ ಎದುರು 110 ಕೊಟ್ಟ ಪುಡಿ ಪೂರ್ತಿ ಸೆಲ್‌ನಲ್ಲಿ 80 ಕೊಟ್ಟರೆ ಯಾರನ್ನೂ ಬೈಯಬೇಕಾಗಿಲ್ಲ. ಲೋಹದ ಬಿಲ್ಲೆಯಲ್ಲಿ ಸೋಡಿಯಂ ಧಾರಾಳವಾಗಿತ್ತು, ಇಲ್ಲಿ ಎಣಿಸಿದಷ್ಟೇ ಇದೆ.

ಇನ್ನು ಯಾರೂ ತಮ್ಮದೆಂದು ಹೇಳಿಕೊಳ್ಳದ ಖರ್ಚುಗಳು. 7 ಘನಮೀಟರ್‌ನ ಆರ್ಗಾನ್ ಸಿಲಿಂಡರ್ ನಿಮಿಷಕ್ಕೆ 100 ಮಿಲಿಲೀಟರ್‌ನಂತೆ 48 ದಿನ ಬರಬೇಕು. ವಾಲ್ವ್ ಸೋರಿದರೆ ಒಂದು ವಾರ. ಗ್ಲೋವ್‌ಬಾಕ್ಸ್‌ನ ಕೈಗವಸು, ಶುದ್ಧೀಕರಣದ ಅನಿಲ, ಸೈಕ್ಲರ್‌ನ ಯುಪಿಎಸ್ ಬ್ಯಾಟರಿ ಇವೆಲ್ಲ ಉಪಕರಣದ ಬಾಬ್ತಿನಡಿ ಬರುವುದಿಲ್ಲ. ಎಲ್ಲರೂ ಬಳಸುವ ಗ್ಲೋವ್‌ಬಾಕ್ಸ್‌ಗೆ ಒಬ್ಬರ ಹೆಸರು, ಒಂದು ಖರ್ಚಿನ ಬಾಬ್ತು, ಒಂದು ಲಾಗ್ ಪುಸ್ತಕ ಇರಲೇಬೇಕು. ಕರೆಂಟ್ ಹೋದಾಗ ಸೈಕ್ಲರ್ ನಿಂತಲ್ಲಿಂದ ಮುಂದುವರಿಯುವಂತೆ ಹೊಂದಿಸಿ; ಅದಕ್ಕೆ ಜೋಡಿಸಿದ ಕಂಪ್ಯೂಟರ್ ತಾನಾಗಿ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗದಂತೆಯೂ ನೋಡಿಕೊಳ್ಳಿ. ಐದುನೂರು ಚಕ್ರಗಳ ಪ್ರಯೋಗ ವಾರಗಟ್ಟಲೆ ನಡೆಯುತ್ತದೆ, ನಾನೂರನೆಯದರಲ್ಲಿ ನಿಂತರೆ ಮೊದಲಿನಿಂದ ಶುರು.

ಸೋಡಿಯಂ ಚೂರುಗಳನ್ನು ನಾಶ ಮಾಡುವುದು ಯಾರ ಕೆಲಸ ಎಂದೂ ಮೊದಲೇ ಬರೆದಿಡಿ. ಗ್ಲೋವ್‌ಬಾಕ್ಸ್‌ನಿಂದ ಬಂದ ತುಣುಕುಗಳನ್ನು ಖನಿಜ ಎಣ್ಣೆಯಡಿ ಮುಚ್ಚಿದ ಬಾಟಲಿಯಲ್ಲಿ ಇಟ್ಟು, ಅದು ತುಂಬುವ ಮೊದಲೇ ಹುಡ್‌ನಲ್ಲಿ, ಸುತ್ತ ನೀರಾಗಲಿ ಬೆಂಕಿಯಾಗಲಿ ಇಲ್ಲದ ಕಡೆ, ಆರ್ಗಾನ್ ಹರಿಯುವ ಅಗಲ ಪಾತ್ರೆಯಲ್ಲಿ ಒಣ ಐಸೊಪ್ರೊಪನಾಲ್‌ಗೆ ಒಂದೊಂದಾಗಿ ಹಾಕಬೇಕು. ಕಡಲೆಕಾಳಿಗಿಂತ ದೊಡ್ಡ ತುಣುಕು ಬೇಡ. ಕ್ಲಾಸ್ ಡಿ ಅಗ್ನಿಶಾಮಕವೋ ಒಣ ಮರಳಿನ ಬಕೆಟ್ಟೋ ಕೈಗೆಟುಕುವ ಹಾಗೆ ಇರಲಿ. ಹಿಂದಿನ ತುಣುಕಿನ ಗುಳ್ಳೆ ಪೂರ್ತಿ ನಿಂತ ಮೇಲೆ ಮುಂದಿನದು. ಎಲ್ಲ ಕರಗಿದೆ ಎಂದು ಕಡ್ಡಿಯಿಂದ ತಳ ಕೆದಕಿ ನೋಡಿ, ರಾತ್ರಿಯಿಡೀ ಹಾಗೇ ಬಿಟ್ಟು, ಮರುದಿನ ಮೊದಲ ಹನಿ ನೀರು.